ಕೂತು ಪೂರ್ತಿ ಕೇಳಿದ ಆಲ್ಬಂ ಯಾವುದು? ನನ್ನ ಅಭಿಪ್ರಾಯ ಇಲ್ಲಿದೆ, ಬೈಯುವವರು ಬೈಯಬಹುದು

ದುರ್ಗಿಗುಡಿ ಡೆಕ್:

ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಪ್ಪಾ, ಆಲ್ಬಂ ಅಂದ್ರೆ ಪ್ಲೇಲಿಸ್ಟ್ ತಾನೆ?" ಅಲ್ಲ ಅಂದೆ. "ಮತ್ತೇನು?" ಅಂದಳು. ಸಾರನ್ನ ಕಲಸುತ್ತಾ ಹತ್ತು ನಿಮಿಷ ಏನೇನೋ ಹೇಳಿದೆ. ಅವಳಿಗೂ ಅರ್ಥ ಆಗಲಿಲ್ಲ, ಹೇಳುತ್ತಿದ್ದ ನನಗೂ ಆಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಈಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆದರೆ 1987ರಿಂದ 1991ರವರೆಗೆ, ಬಿ.ಕಾಂ. ಓದುವಾಗ ಮತ್ತು ಮುಗಿಸಿ ಕೆಲಸ ಹುಡುಕುವಾಗ, ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿ ಸಂಜೆ ಹೊತ್ತು ಕೂರುತ್ತಿದ್ದೆ. ಗಿರಾಕಿ ಬರೆದುಕೊಟ್ಟ ಚೀಟಿ ನೋಡಿ ಖಾಲಿ ಕ್ಯಾಸೆಟ್‌ಗೆ ಹಾಡು ತುಂಬುವ ಕೆಲಸ. ಅದು ಕಾನೂನಿಗೆ ಒಪ್ಪುತ್ತಾ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಹತ್ತರಲ್ಲಿ ಒಂಬತ್ತು ಜನ ಚೀಟಿಯವರು. ಮೊದಲು ಒಂದು ಗಣಪತಿ ಹಾಡು, ಆಮೇಲೆ ರಾಜ್‌ಕುಮಾರ್ ನಾಲ್ಕು, ಎಸ್ಪಿಬಿ ಐದು, ಜಾಗ ಉಳಿದರೆ ನಿಮಗೆ ತೋಚಿದ್ದು ಹಾಕಿ ಅನ್ನುವವರು. ಹತ್ತನೆಯವನು ಮಾತ್ರ ಬಂದು "ಈ ರೆಕಾರ್ಡ್ ಪೂರ್ತಿ ಹಾಕಿ. ಮಧ್ಯೆ ಏನೂ ಬಿಡಬೇಡಿ" ಅನ್ನುತ್ತಿದ್ದ. ಆ ಹತ್ತನೆಯವನು ಏನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ತಿಳಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಲೆಕ್ಕ ಹೀಗೆ. 60ರ ಕ್ಯಾಸೆಟ್ ಅಂದರೆ ಒಂದು ಕಡೆಗೆ 30 ನಿಮಿಷ. 90ರದ್ದು ಅಂದರೆ ಒಂದು ಕಡೆಗೆ 45. ದೊಡ್ಡ ರೆಕಾರ್ಡಿನ ಎರಡೂ ಮುಖ ಸೇರಿಸಿದರೆ ಸಾಮಾನ್ಯವಾಗಿ ನಲವತ್ತು ನಿಮಿಷದ ಆಸುಪಾಸು. ಅಂದರೆ 90ರ ಕ್ಯಾಸೆಟ್‌ನಲ್ಲಿ ಎರಡು ರೆಕಾರ್ಡ್ ಸಲೀಸಾಗಿ ಕೂರುತ್ತೆ, ಒಂದೊಂದು ಕಡೆಗೆ ಒಂದೊಂದು. ಭದ್ರಾವತಿ ಕಡೆಯ ಎಂಜಿನಿಯರ್ ಒಬ್ಬರು ತಮ್ಮ ರೆಕಾರ್ಡ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಅವರ ಕ್ಯಾಸೆಟ್ ಮುಗಿಸಿದ ಮೇಲೆ ನನಗೂ ಒಂದು ತುಂಬಿಕೊಂಡೆ. ಎ ಸೈಡಿಗೆ 'ಕಾಲ್ ಆಫ್ ದ ವ್ಯಾಲಿ'. ಬಿ ಸೈಡಿಗೆ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್'.

ಇವೆರಡನ್ನು ಪಕ್ಕಪಕ್ಕ ಇಡುವುದಕ್ಕೆ ಅಳತೆ ಬಿಟ್ಟು ಬೇರೆ ಕಾರಣ ಇರಲಿಲ್ಲ. ಆದರೆ ಈಗಲೂ ನನ್ನ ತಲೆಯಲ್ಲಿ ಅವು ಒಂದೇ ಆಲ್ಬಂ.

'ಕಾಲ್ ಆಫ್ ದ ವ್ಯಾಲಿ' 1967ರದ್ದು. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರಿ ಕಾಯುವವನ ಒಂದು ದಿನ ಅಂತ ಕಲ್ಪನೆ. ಬೆಳಗಿನ ರಾಗ ಅಹಿರ್ ಭೈರವ್‌ನಲ್ಲಿ ಶುರುವಾಗಿ ಪೀಲೂ, ಭೂಪ್, ದೇಸ್ ದಾಟಿ ಪಹಾಡಿಗೆ ಬಂದು ನಿಲ್ಲುತ್ತೆ. ಇದನ್ನು ಫೋನಿನಲ್ಲಿ ಹಿಂದೆ ಮುಂದೆ ಕಲಸಿ ಕೇಳಿದರೆ ಆ ಪಾಪದ ಕುರುಬನಿಗೆ ಬೆಳಗಾಗುವ ಮೊದಲೇ ರಾತ್ರಿ ಆಗುತ್ತೆ. ಸಿಡಿ ಬಂದಾಗ ಕೊನೆಯಲ್ಲಿ ಇನ್ನೊಂದಿಷ್ಟು ತುಣುಕು ಅಂಟಿಸಿದರು. ಚೆನ್ನಾಗಿಯೇ ಇವೆ. ಆದರೆ ಮಲಗಿದವನನ್ನು ಎಬ್ಬಿಸಿ ಕಾಫಿ ಕೊಟ್ಟ ಹಾಗೆ.

ನನ್ನ ಕ್ಯಾಸೆಟ್‌ನಲ್ಲಿ ಪಹಾಡಿ ಮುಗಿದು, ಸ್ವಲ್ಪ ಹೊತ್ತು ಬರೀ ಸುಯ್ ಅನ್ನುವ ಸದ್ದು ಬಂದು, ತಿರುಗಿಸಿ ಹಾಕಿದರೆ ಎದೆಬಡಿತ ಕೇಳುತ್ತೆ. 'ಡಾರ್ಕ್ ಸೈಡ್' ಶುರುವಾಗುವುದೇ ಹಾಗೆ, ಮುಗಿಯುವುದೂ ಹಾಗೇ. ಹತ್ತೊಂಬತ್ತು ವಯಸ್ಸಿನವನಿಗೆ ಏನನ್ನಿಸಬೇಕು? ಕುರುಬ ಮಲಗಿದ, ಈಗ ಅವನ ಎದೆ ಕೇಳುತ್ತಿದೆ ಅಂತಲೇ ಅನ್ನಿಸಿತ್ತು. ಇಂಗ್ಲಿಷ್ ಹಾಡಿನ ಮಾತು ಒಂದೂ ತಿಳಿಯುತ್ತಿರಲಿಲ್ಲ. ಮಧ್ಯದಲ್ಲಿ ಒಬ್ಬ ಹೆಂಗಸು ಪದವೇ ಇಲ್ಲದೆ ಹಾಡುತ್ತಾಳಲ್ಲ, ಅದೊಂದು ಮಾತ್ರ ಪೂರ್ತಿ ತಿಳಿಯಿತು. ಹೆಸರು ಕ್ಲೇರ್ ಟೋರಿ. ಒಂದು ಭಾನುವಾರ ಬಂದು ಹಾಡಿ 30 ಪೌಂಡ್ ತಗೊಂಡು ಹೋದರಂತೆ. 2004ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿ ಆಯಿತು, ಆಮೇಲಿನ ಪ್ರತಿಗಳಲ್ಲಿ ಆ ಹಾಡು ಕಟ್ಟಿದವರ ಜೊತೆ ಅವರ ಹೆಸರೂ ಸೇರಿತು. ಮಂಡಿಯಲ್ಲಿ ಲೆಕ್ಕ ಬರೆಯುವವನಿಗೆ ಇಂಥ ವಿಷಯಗಳೇ ತಲೆಯಲ್ಲಿ ಉಳಿಯುವುದು.

ಅದೇ ಪಿಂಕ್ ಫ್ಲಾಯ್ಡ್‌ನ 1979ರ 'ದ ವಾಲ್' ನನಗೆ ಆಗುವುದಿಲ್ಲ. ಎರಡು ರೆಕಾರ್ಡ್, ಇಡೀ 90ರ ಕ್ಯಾಸೆಟ್ ಬೇಕು. ಅಷ್ಟು ಹೊತ್ತೂ ಒಬ್ಬನೇ ಮನುಷ್ಯನ ಗೋಳು. ಗೋಳು ಹೇಳಬಾರದು ಅಂತಲ್ಲ, ಮಧ್ಯೆ ಒಂದು ಲೋಟ ನೀರು ಕುಡಿಯುವುದಕ್ಕಾದರೂ ಬಿಡಬೇಕು.

ಇನ್ನು 'ನಿತ್ಯೋತ್ಸವ'. 1978ರಲ್ಲಿ ಬಂದದ್ದು. ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ ಅನ್ನುವ ದಾರಿ ತೆರೆದದ್ದೇ ಅದು. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ರಾಗ. ನಿಸಾರ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರಾಗಿದ್ದವರು. ಆದ್ದರಿಂದ ಶಿವಮೊಗ್ಗದವರಿಗೆ ಇದು ಮನೆಯ ಕ್ಯಾಸೆಟ್. ಭಾವಗೀತೆ ಕೇಳುವವರಲ್ಲಿ ಅನಂತಸ್ವಾಮಿ ಪಕ್ಷ, ಅಶ್ವತ್ಥ್ ಪಕ್ಷ ಅಂತ ಎರಡಿವೆ, ಗೊತ್ತಲ್ವಾ. ನಾನು ಅನಂತಸ್ವಾಮಿ ಪಕ್ಷ. ಅಶ್ವತ್ಥ್ ಹಾಡಿದರೆ ವೇದಿಕೆ ಮೇಲೆ ನಿಂತು ಇಡೀ ಮೈದಾನಕ್ಕೆ ಹಾಡುತ್ತಿದ್ದಾರೆ ಅನ್ನಿಸುತ್ತೆ. ಶರೀಫರ ಪದಕ್ಕೆ ಅದೇ ಸರಿ, 1990ರ 'ಸಂತ ಶಿಶುನಾಳ ಶರೀಫ' ಸಿನಿಮಾದ ಹಾಡುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅನಂತಸ್ವಾಮಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂತು, ಬಸ್ಸು ಬರುವವರೆಗೆ ಏನೋ ಹೇಳುತ್ತಿರುವ ಹಾಗೆ ಹಾಡುತ್ತಾರೆ. ನನಗೆ ಅದು ಬೇಕು.

'ಪ್ರೇಮಲೋಕ' (1987): ಅಂಗಡಿಯಲ್ಲಿ ನನ್ನ ಮೊದಲ ವರ್ಷ ಪೂರ್ತಿ ಇದೇ. ಸಾವಿರ ಸಲ ಕೇಳಿದ್ದೇನೆ, ಇಷ್ಟ ಅಂತ ಹೇಳುವ ಸ್ಥಿತಿಯಲ್ಲಿಲ್ಲ. ಆದರೂ ಒಂದು ಮಾತು. ಸಿನಿಮಾ ನೋಡದವನಿಗೂ ಬರೀ ಹಾಡು ಕೇಳಿ ಕಥೆ ಗೊತ್ತಾಗುತ್ತಿತ್ತು. ಮಾತನ್ನೇ ಹಾಡು ಮಾಡಿದರಲ್ಲ ಹಂಸಲೇಖ, ಅದು ಸಣ್ಣ ಕೆಲಸ ಅಲ್ಲ.

ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' (1982): ಒಂಬತ್ತು ಹಾಡು, ಅದರಲ್ಲಿ ಏಳು ಬಿಡಿಬಿಡಿಯಾಗಿಯೂ ಬಿಡುಗಡೆಯಾದವು. ಅದೇ ಅದರ ಸಮಸ್ಯೆ. ಊಟಕ್ಕೆ ಕರೆದು ಎಲೆ ತುಂಬ ಹೋಳಿಗೆಯನ್ನೇ ಬಡಿಸಿದ ಹಾಗೆ.

ಇಳಯರಾಜಾ ಅವರ 'ಹೌ ಟು ನೇಮ್ ಇಟ್' (1986): ಪಾಶ್ಚಾತ್ಯ ಸಂಗೀತದ ಬಾಕ್ ಮತ್ತು ನಮ್ಮ ತ್ಯಾಗರಾಜರನ್ನು ಒಂದೇ ಪಡಸಾಲೆಯಲ್ಲಿ ಕೂರಿಸುತ್ತಾರೆ. ವಿ. ಎಸ್. ನರಸಿಂಹನ್ ಪಿಟೀಲು ಕೇಳುತ್ತಿದ್ದರೆ ಮಧ್ಯೆ ಫೋನ್ ಬಂದರೂ ಎತ್ತುವುದಿಲ್ಲ. ಒಂದು ತುಣುಕಿಗೆ 'ಹೋಲಿಸಬೇಡಿ' ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಇಬ್ಬರನ್ನೂ ಕರೆದು ಎದುರುಬದುರು ಕೂರಿಸಿದವರು ನೀವೇ, ಈಗ ಹೋಲಿಸಬೇಡಿ ಅಂದರೆ ಹೇಗೆ ಸ್ವಾಮಿ!

ಕೊನೆಗೆ ಒಂದು ತಪ್ಪೊಪ್ಪಿಗೆ. ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಜಾಜ್ ಅಂದರೆ ಇದೇ ಅಂತ ಎಲ್ಲರೂ ಹೇಳುತ್ತಾರೆ. ಮೂರು ಸಲ ಕೂತು ಕೇಳಿದೆ. ದೊಡ್ಡ ಹೋಟೆಲಿನಲ್ಲಿ ರೂಮಿನ ಬೀಗದಕೈಗೆ ಕಾಯುತ್ತಾ ಕೂತ ಹಾಗಿತ್ತು. ತಪ್ಪು ನನ್ನದೇ ಇರಬೇಕು. ಯಾರಾದರೂ ಬಿಡಿಸಿ ಹೇಳಿ.

ನನ್ನ ಪ್ರಶ್ನೆ ಎರಡು. ಎದ್ದು ಹೋಗಿ ಬದಲಿಸಬೇಕು ಅಂತ ಒಂದು ಸಲವೂ ಅನ್ನಿಸದ ಆಲ್ಬಂ ನಿಮ್ಮಲ್ಲಿ ಯಾವುದು? ಊರೆಲ್ಲ ಹೊಗಳಿದರೂ ನಿಮಗೆ ಹಿಡಿಸದೆ ಹೋದದ್ದು ಯಾವುದು?

ಕುಂದಗೋಳ ಕ್ರಾಸ್:

ನಿಮ್ಮ ಪ್ರಶ್ನೆಯಲ್ಲೇ ಸ್ವಲ್ಪ ತಕರಾರು ಇದೆ ನೋಡ್ರಿ. ನಮ್ಮ ಧಾರವಾಡ ಕಡೆ ಸಂಗೀತ ಕೇಳಿ ಬೆಳೆದವರಿಗೆ ಆಲ್ಬಂ ಅನ್ನುವುದೇ ಹೊರಗಿನ ಅಳತೆ. ಮಲ್ಲಿಕಾರ್ಜುನ ಮನ್ಸೂರರು ಹಾಡಲಿಕ್ಕೆ ಕೂತರೆ ರೆಕಾರ್ಡಿಗೆ ಎಷ್ಟು ನಿಮಿಷ ಹಿಡಿಸುತ್ತದೆ ಅಂತ ಕೂತವರಲ್ಲ. ಯಾರೂ ಮುಟ್ಟದ ರಾಗ ತೆಗೆದು, ನೇರ ನಡುಮನೆಗೆ ಕರೆದುಕೊಂಡು ಹೋದ ಹಾಗೆ ಶುರು ಮಾಡುತ್ತಿದ್ದರು. ನಾನು ಅವರನ್ನು ಕೇಳಿದ್ದೆಲ್ಲ ಧಾರವಾಡ ಆಕಾಶವಾಣಿಯಲ್ಲಿ. ಅಡಿಗೆಮನೆಯ ಕಿಟಕಿಯಲ್ಲಿ ರೇಡಿಯೊ, ಅವ್ವ ರೊಟ್ಟಿ ಬಡಿಯುವ ಸದ್ದು ಅದರ ಮೇಲೆ. ಅದನ್ನು ಯಾವ ಆಲ್ಬಂ ಅನ್ನಬೇಕು?

ಆದರೆ ಅಳತೆಯ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯಂಥ ರೆಕಾರ್ಡಿನಲ್ಲಿ ಒಂದು ಮುಖಕ್ಕೆ ಮೂರು ನಿಮಿಷ ಚಿಲ್ಲರೆ. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ ಅಷ್ಟರಲ್ಲೇ ಮುಗಿಯುತ್ತದೆ. ಗದಗದ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಅದನ್ನು ಕೇಳಿ, ಹೀಗೆ ಹಾಡಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದ. ಆಗ ಅವನಿಗೆ ಹನ್ನೊಂದು ವರ್ಷ. ಎಲ್ಲೆಲ್ಲೋ ಅಲೆದು ಕೊನೆಗೆ ಕುಂದಗೋಳಕ್ಕೆ, ಖಾನರ ಶಿಷ್ಯ ಸವಾಯಿ ಗಂಧರ್ವರ ಹತ್ತಿರ ಬಂದು ನಿಂತ. ಭೀಮಸೇನ ಜೋಶಿ. ಮೂರು ನಿಮಿಷದ ರೆಕಾರ್ಡ್ ಒಂದು ಇಡೀ ಜನ್ಮ ತಿರುಗಿಸಿತು. ನೀವು ನಲವತ್ತು ನಿಮಿಷ ಕೂತು ಕೇಳಬೇಕು ಅಂತೀರಿ!

ಇಷ್ಟು ಜಗಳ ಆಡಿದ ಮೇಲೆ ನನ್ನದೂ ಒಂದು ಹೇಳುತ್ತೇನೆ. ಕುಮಾರ ಗಂಧರ್ವರ ನಿರ್ಗುಣಿ ಭಜನ್, ಅಂದರೆ ರೂಪವಿಲ್ಲದ ದೇವರ ಮೇಲಿನ ಪದಗಳು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು, ಕ್ಷಯ ಬಂದು ದೇವಾಸ್‌ಗೆ ಹೋದರು, ಐದಾರು ವರ್ಷ ಹಾಡುವ ಹಾಗಿರಲಿಲ್ಲ. ಒಂದು ಶ್ವಾಸಕೋಶ ಕೆಟ್ಟೇ ಹೋಯಿತು. ಆಮೇಲೆ ಹಾಡಿದ್ದನ್ನು ಕೇಳಿದರೆ ಸಾಲುಗಳು ಗಿಡ್ಡ, ನಡುವೆ ಖಾಲಿ ಜಾಗ ಜಾಸ್ತಿ. ಮೊದಲ ಸಲ ಕೇಳಿದಾಗ ಹಾಡು ನಿಂತೇ ಹೋಯಿತೇನೋ ಅಂತ ರೇಡಿಯೊ ತಟ್ಟಿದ್ದೆ. ಈಗ ನಾನು ಕೇಳುವುದೇ ಆ ಖಾಲಿ ಜಾಗವನ್ನು.

ಹಿಡಿಸದ್ದು? ಫ್ಯೂಷನ್ ಅಂತ ಹೆಸರಿಟ್ಟಿದ್ದೆಲ್ಲ. ನಿಮ್ಮ ಇಳಯರಾಜಾನೂ ಸೇರಿ. ಬೈಸಿಕೊಳ್ಳಲಿಕ್ಕೆ ತಯಾರಿದ್ದೇನೆ.

ದುರ್ಗಿಗುಡಿ ಡೆಕ್:

ಮೇಡಂ, ಒಪ್ಪಿದೆ. ಮೂರು ನಿಮಿಷಕ್ಕೆ ಮನೆ ಬಿಡಬಹುದು. ಆದರೆ ಅದನ್ನೂ ಆ ಹುಡುಗ ಪೂರ್ತಿ ಕೇಳಿಯೇ ಬಿಟ್ಟಿರಬೇಕಲ್ಲ, ಅರ್ಧಕ್ಕೆ ಮುಂದಿನ ಹಾಡಿಗೆ ಹೋಗಿದ್ದರೆ ಗದಗದಲ್ಲೇ ಇರುತ್ತಿದ್ದ. ಇಳಯರಾಜಾ ವಿಷಯ ಮಾತ್ರ ಒಪ್ಪಲಾರೆ. ಅದು ಎರಡು ಸಾರನ್ನು ಒಂದೇ ಪಾತ್ರೆಗೆ ಸುರಿದ ಫ್ಯೂಷನ್ ಅಲ್ಲ. ಇನ್ನೊಂದು ಸಲ ಬರೀ ಪಿಟೀಲು ಹಿಡಿದು ಕೇಳಿ ನೋಡಿ.

ಪ್ಯಾಲೇಸ್ ಗ್ರೌಂಡ್ ಧೂಳು:

ಇಲ್ಲಿ ಮೆಟಲ್, ಅಂದರೆ ಅಬ್ಬರದ ರಾಕ್ ಬಗ್ಗೆ ಮಾತಾಡಿದರೆ ಓಡಿಸಲ್ಲ ತಾನೆ?

ನಂದು ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್', 1988. ಇದನ್ನು ಇಷ್ಟದ ಆಲ್ಬಂ ಅಂತ ಹೇಳುವುದೇ ವಿಚಿತ್ರ. ಯಾಕೆಂದರೆ ನಾನು ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ನುಡಿಸುವವನು, ಮತ್ತು ಈ ಆಲ್ಬಂನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಉತ್ಪ್ರೇಕ್ಷೆ ಅಲ್ಲ. ಅವರ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ. ಜೇಸನ್ ನ್ಯೂಸ್ಟೆಡ್ ಬಂದ. ಅವನು ನುಡಿಸಿದ ಮೊದಲ ಪೂರ್ಣ ಆಲ್ಬಂ ಇದು. ಮಿಕ್ಸ್ ಮಾಡುವಾಗ ಅವನ ಭಾಗವನ್ನು ಎಷ್ಟು ತಗ್ಗಿಸಿದರು ಅಂದರೆ, ಮದುವೆಮನೆಗೆ ಕರೆದು ಊಟಕ್ಕೆ ಎಲೆ ಹಾಕದ ಹಾಗೆ.

ಡ್ರಮ್ಮು ಒಣ ಕಟ್ಟಿಗೆ ಒಡೆದಂತೆ, ಗಿಟಾರು ಗರಗಸದಂತೆ. ಮಧ್ಯೆ ಒಂದು ಆಳು ಕಾಣೆ. ಬಿ.ಇ. ಓದುವಾಗ ಹಾಸ್ಟೆಲ್ ರೂಮಿನಲ್ಲಿ ಇದನ್ನು ಹಾಕಿ ನಾನೇ ಬೇಸ್ ನುಡಿಸುತ್ತಿದ್ದೆ. ಒಂದು ತಾಸಿಗೂ ಜಾಸ್ತಿ ಇದೆ ಆಲ್ಬಂ, ಬೆರಳು ಬೊಬ್ಬೆ ಬರುತ್ತಿತ್ತು. ನಾನು ಬೇಸ್ ಕಲಿತದ್ದೇ ಹಾಗೆ. ಆ ಖಾಲಿ ಜಾಗ ನನಗೇ ಬಿಟ್ಟಿದ್ದಾರೆ ಅನ್ನಿಸುತ್ತಿತ್ತು. ಧಾರವಾಡದ ಮೇಡಂ ಕುಮಾರ ಗಂಧರ್ವರ ಬಗ್ಗೆ ಬರೆದದ್ದು ಓದಿ ನಗು ಬಂತು. ನಮ್ಮಿಬ್ಬರ ಖಾಲಿ ಜಾಗ ಬೇರೆ ಬೇರೆ, ಆದರೂ ಕೈ ಕುಲುಕೋಣ.

ಅವರದೇ 1991ರ ಕಪ್ಪು ಹೊದಿಕೆಯ ಆಲ್ಬಂನಲ್ಲಿ ನಿರ್ಮಾಪಕ ಬಾಬ್ ರಾಕ್ ಬಂದು ಬೇಸ್ ಮೇಲೆತ್ತಿದ. ಎಲ್ಲಾ ಸರಿಯಾಗಿದೆ. ಅದಕ್ಕೇ ಅದು ನನಗೆ ಅಷ್ಟಕ್ಕಷ್ಟೆ.

2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನ, ಮೆಟಾಲಿಕಾ ಕಾರ್ಯಕ್ರಮ. ಎರಡು ದಿನ ಮೊದಲು ಗುರ್‌ಗಾಂವ್‌ನ ಕಾರ್ಯಕ್ರಮ ರದ್ದಾಗಿತ್ತು, ಇಲ್ಲೂ ಹಾಗಾದರೆ ಅಂತ ಜೀವ ಕೈಯಲ್ಲಿತ್ತು. ಆಗಲಿಲ್ಲ. ಮುಂದೆ ನಿಂತಿದ್ದೆ. ಆ ಹಾಡುಗಳ ಬೇಸ್ ಅವತ್ತು ಎದೆಗೆ ಗುದ್ದಿದ ಹಾಗೆ ಕೇಳಿಸಿತು. ಮನೆಗೆ ಬಂದು ಕ್ಯಾಸೆಟ್ ಹಾಕಿದರೆ ಮತ್ತೆ ಇಲ್ಲ!

ಇಯರ್‌ಫೋನ್ ಸುಬ್ಬಿ:

ಡೆಕ್ ಅಂಕಲ್, ನಿಮ್ಮ ಮಗಳ ಪರವಾಗಿ ಮಾತಾಡೋಕೆ ಬಂದಿದ್ದೀನಿ.

ನೀವು ಕ್ಯಾಸೆಟ್ ತುಂಬಿಸುವಾಗ ಕಾಶ್ಮೀರದ ಕುರುಬನ ಪಕ್ಕ ಪಿಂಕ್ ಫ್ಲಾಯ್ಡ್ ಇಟ್ಟಿರಲ್ಲ, ಅದು ಪ್ಲೇಲಿಸ್ಟ್ ಅಲ್ಲದೆ ಮತ್ತೇನು? ಎರಡನ್ನೂ ಮಾಡಿದವರನ್ನು ಕೇಳಿದಿರಾ? ಇಲ್ಲ. ಅಳತೆ ಸರಿ ಹೋಯ್ತು, ಇಟ್ಟಿರಿ. ನಾನೂ ಅದನ್ನೇ ಮಾಡೋದು. ನನ್ನ ಅಳತೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ.

ಪೂರ್ತಿ ಕೇಳುವ ಆಲ್ಬಂ ಒಂದು ಇದೆ. ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. 1982, ಮುಂಬೈ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಭೈರವ್, ಲಲಿತ್, ತೋಡಿ, ಯಮನ್, ಮಾಲ್‌ಕೌನ್ಸ್, ಹೀಗೆ ಹತ್ತು ರಾಗ ನುಡಿಸಿದರು. ಆಗ ಯಾರೂ ಕ್ಯಾರೇ ಅನ್ನಲಿಲ್ಲ. ಅವರು ಬಳಸಿದ 303 ಅನ್ನುವ ಯಂತ್ರದಿಂದಲೇ ಐದು ವರ್ಷ ಆದಮೇಲೆ ಶಿಕಾಗೋದಲ್ಲಿ ಆ್ಯಸಿಡ್ ಹೌಸ್ ಅನ್ನುವ ಹೊಸ ಬಗೆಯ ಸಂಗೀತ ಹುಟ್ಟಿತು. ಶಿಕಾಗೋದವರಿಗೆ ಇವರ ವಿಷಯ ಗೊತ್ತಿರಲಿಲ್ಲ, ಇವರಿಗೆ ಅವರ ವಿಷಯ ಗೊತ್ತಿರಲಿಲ್ಲ. 2010ರಲ್ಲಿ ರೆಕಾರ್ಡ್ ಮತ್ತೆ ಬಂದಾಗ ಜಗತ್ತು ಬಾಯಿ ಬಿಟ್ಟು ನೋಡಿತು. ರಾತ್ರಿ ಪಾಳಿ ಮುಗಿಸಿ ಬರುವಾಗ ಹಾಕ್ತೀನಿ. ಖಾಲಿ ಔಟರ್ ರಿಂಗ್ ರೋಡ್, ತೋಡಿ, ಟಪ್ ಟಪ್ ಟಪ್. ಕೇಳಿ ನೋಡಿ, ಆಮೇಲೆ ಮಾತಾಡಿ.

ದುರ್ಗಿಗುಡಿ ಡೆಕ್:

ಸುಬ್ಬಿ, ಮೊದಲ ಏಟು ಸರಿಯಾಗಿ ಬಿತ್ತಮ್ಮ. ಆ ಕ್ಯಾಸೆಟ್ ಪ್ಲೇಲಿಸ್ಟೇ. ಮಗಳಿಗೆ ತೋರಿಸಿದೆ, ಅವಳು ನಿನ್ನ ಅಭಿಮಾನಿ ಆಗಿದ್ದಾಳೆ.

ಚರಣ್‌ಜಿತ್ ಸಿಂಗ್ ಕೇಳಿದೆ. ಹತ್ತೂ ರಾಗ, ಒಂದೂ ಬಿಡದೆ. ಮೊದಲ ರಾಗಕ್ಕೆ ಹುಬ್ಬೇರಿತು. ನಾಲ್ಕನೆಯದಕ್ಕೆ ಮಿಕ್ಸಿ ಆರಿಸಲು ಎದ್ದು ಅಡಿಗೆಮನೆಗೆ ಹೋದೆ, ಮಿಕ್ಸಿ ಓಡುತ್ತಿರಲಿಲ್ಲ. ಬೆಳಗಿನ ಲಲಿತ್‌ಗೂ ರಾತ್ರಿಯ ಮಾಲ್‌ಕೌನ್ಸ್‌ಗೂ ಒಂದೇ ಓಟ. ರಾಗಕ್ಕೆ ಉಸಿರಾಡುವುದಕ್ಕೆ ಒಂದು ಕ್ಷಣ ಬೇಡವಾ? ಆದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಯಂತ್ರ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದಲ್ಲ, ಅದನ್ನು ಅವರು ಮೀಂಡ್ ಅಂತಲೇ ಕೇಳಿಸಿಕೊಂಡಿದ್ದಾರೆ. ಯಂತ್ರದ ಒಳಗೆ ಸಾರಂಗಿ ಹುಡುಕಿದ ಮನುಷ್ಯ. ಔಟರ್ ರಿಂಗ್ ರೋಡ್ ನಮ್ಮೂರಲ್ಲಿಲ್ಲ, ಅದೇ ಕೊರತೆ ಇರಬೇಕು.

ಬಂಟ್ವಾಳ–ಎಡಿಸನ್:

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. 'ಕೈಂಡ್ ಆಫ್ ಬ್ಲೂ' ಬಗ್ಗೆ ಡೆಕ್ ಅಣ್ಣ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ.

ತುತ್ತೂರಿ ಕೇಳಲು ಹೋಗಬೇಡಿ. ಮೊದಲ ತುಣುಕಿನಲ್ಲಿ ಪಾಲ್ ಚೇಂಬರ್ಸ್‌ನ ದೊಡ್ಡ ಬೇಸ್ ಒಂದು ಮಾತು ಹೇಳುತ್ತದೆ. ಉಳಿದವರೆಲ್ಲ ಸೇರಿ ಎರಡೇ ಸ್ವರದಲ್ಲಿ "ಹೌದಪ್ಪಾ" ಅನ್ನುತ್ತಾರೆ. ಮತ್ತೆ ಹೇಳುತ್ತದೆ, ಮತ್ತೆ "ಹೌದಪ್ಪಾ". ಹರಿಕಥೆಯಲ್ಲಿ ಹೂಂಗುಟ್ಟುವ ಹಾಗೆ. ಅಷ್ಟು ಹಿಡಿದರೆ ಬಾಗಿಲು ತೆರೆದಂತೆ. ಇನ್ನೊಂದು ಗುಟ್ಟು. ಅದರಲ್ಲಿರುವ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಹದಿನಾರು ಆವರ್ತ ಒಂದು ಶ್ರುತಿಯಲ್ಲಿ, ಎಂಟು ಆವರ್ತ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಮೊದಲಿನ ಜಾಗಕ್ಕೆ. ಅಷ್ಟೇ ಅದರ ಕಟ್ಟು. ಹೆಚ್ಚು ಏನೂ ಆಗುವುದಿಲ್ಲ ಅನ್ನಿಸಿದ್ದು ಅದಕ್ಕೇ. ಬಹಳ ಕಡಿಮೆ ಇಟ್ಟುಕೊಂಡು ಅದರೊಳಗೆ ಅಲೆದಾಡುವುದೇ ಅವರ ಉದ್ದೇಶವಾಗಿತ್ತು. ನಮಗೆ ಅದೇನು ಹೊಸದಾ?

ನಿಮ್ಮ ಅಂಗಡಿ ಕಥೆಗೆ ಹೊಂದುವ ವಿಷಯ ಬೇರೆಯೇ ಇದೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನ ರೆಕಾರ್ಡಿಂಗ್ ಆಯಿತು, ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್‌ನ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ನಿಧಾನದಲ್ಲಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಏನಾಗುತ್ತದೆ? ಓಡುತ್ತದೆ, ಶ್ರುತಿ ಏರುತ್ತದೆ. ಹಾಗಾಗಿ ರೆಕಾರ್ಡಿನ ಮೊದಲ ಮುಖದ ಮೂರೂ ತುಣುಕು ಮೂವತ್ತಕ್ಕೂ ಹೆಚ್ಚು ವರ್ಷ ತುಸು ಏರಿದ ಶ್ರುತಿಯಲ್ಲೇ ಮಾರಾಟವಾದವು. ಅದರ ಜೊತೆ ನುಡಿಸಿ ಕಲಿಯಲು ಹೋದವರೆಲ್ಲ ತಮ್ಮ ವಾದ್ಯದಲ್ಲೇ ದೋಷ ಇದೆ ಅಂದುಕೊಂಡಿರಬೇಕು. 1990ರ ದಶಕದಲ್ಲಿ ಸರಿ ಮಾಡಿದರು. ನನಗೆ ಎರಡೂ ಇಷ್ಟ. ಹಳೆಯದು ಸ್ವಲ್ಪ ಚುರುಕು.

ನನ್ನ ಆಯ್ಕೆ 'ಕಿನ್ಸ್‌ಮೆನ್', 2008. ರುದ್ರೇಶ್ ಮಹಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್. ಇಬ್ಬರದೂ ಸ್ಯಾಕ್ಸೊಫೋನ್. ಒಬ್ಬರು ಅಮೆರಿಕದ ಜಾಜ್‌ನವರು. ಇನ್ನೊಬ್ಬರು ನಮ್ಮ ಬಂಟ್ವಾಳದ ಸಜೀಪದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದವರು. ಎ. ಕನ್ಯಾಕುಮಾರಿ ಅವರ ಪಿಟೀಲೂ ಇದೆ. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರು ಅಂತ ಹೇಳಬಹುದು. ಒಬ್ಬರು ಸ್ವರವನ್ನು ತಳ್ಳುತ್ತಾರೆ, ಕದ್ರಿಯವರು ಸವರುತ್ತಾರೆ. ಇಲ್ಲಿ ಹಿಮ ಬೀಳುವಾಗ ಕಾರಿನಲ್ಲಿ ಹಾಕಿ, ಮನೆ ಮುಂದೆ ಬಂದಮೇಲೂ ಇಳಿಯದೆ ಕೂತದ್ದುಂಟು. ಹೆಂಡತಿ ಕಿಟಕಿಯಿಂದ ನೋಡಿ ಲೈಟ್ ಆರಿಸಿ ಮಲಗಿದ್ದೂ ಉಂಟು. ಕುಂದಗೋಳದ ಅಕ್ಕ, ಇದೂ ಫ್ಯೂಷನ್ನೇ, ಆದರೂ ಒಂದು ಸಲ ಕೇಳಿ ಮಾರಾಯ್ರೆ.

ಕುಂದಗೋಳ ಕ್ರಾಸ್:

ಕೇಳಿದೆ. ಕದ್ರಿಯವರು ಒಬ್ಬರೇ ನುಡಿಸುವ ಜಾಗ ಭಾಳ ಚಲೋ ಇದೆ. ಡ್ರಮ್ ಬಂದಾಗ ಗ್ಯಾಸ್ ಆರಿಸಲಿಕ್ಕೆ ಎದ್ದೆ. ಅರ್ಧ ಅಂಕ.

ದುರ್ಗಿಗುಡಿ ಡೆಕ್:

ಬಂಟ್ವಾಳದ ತಮ್ಮಾ, ನೀನು ಬರೆದದ್ದು ಓದಿ ಎರಡು ದಿನ ಸರಿಯಾಗಿ ಕೆಲಸ ಮಾಡಿಲ್ಲ. "ಹೌದಪ್ಪಾ" ಸಿಕ್ಕಿತು. ಇನ್ನು ಆ ಹೋಟೆಲಿನಲ್ಲಿ ನನಗೂ ಒಂದು ರೂಮು ಸಿಗಬಹುದು ಅನ್ನಿಸುತ್ತಿದೆ. ಆದರೆ ಕೆಲಸ ಕೆಟ್ಟದ್ದು ನಿಧಾನ ಓಡಿದ ಟೇಪಿನ ಮಾತಿಗೆ.

ನಮ್ಮ ಅಂಗಡಿಯಲ್ಲಿ ಕ್ಯಾಸೆಟ್ ತುಂಬುವ ಡೆಕ್ಕೂ ನಿಧಾನ ಓಡುತ್ತಿತ್ತು. ಒಬ್ಬ ಗಿರಾಕಿ ಬಂದು "ಏನ್ರೀ, ನಮ್ಮನೆಯಲ್ಲಿ ಹಾಕಿದರೆ ಅಶ್ವತ್ಥ್ ಹೈಸ್ಕೂಲ್ ಹುಡುಗನ ಹಾಗೆ ಹಾಡ್ತಾರೆ" ಅಂತ ಕೂಗಾಡಿದ್ದ. ಅಂಗಡಿಯಲ್ಲಿ ಹಾಕಿ ತೋರಿಸಿದೆವು. ಅದೇ ಡೆಕ್, ಅಲ್ಲಿ ಸರಿಯಾಗೇ ಕೇಳಿಸಿತು. ನಿಮ್ಮ ಟೇಪ್ ರೆಕಾರ್ಡರ್ ಕೆಟ್ಟಿದೆ ಅಂತ ಕಳಿಸಿದೆವು, ಪಾಪ. ಅವನು ಹೋದಮೇಲೆ ಯಜಮಾನರಿಗೆ ಹೇಳಿದೆ, ಮೋಟಾರ್ ಸರಿ ಮಾಡಿಸೋಣ ಅಂತ. ಅವರು ಬೇಡ ಅಂದರು. ನಿಧಾನ ಓಡಿದರೆ ಅದೇ ಟೇಪಿನಲ್ಲಿ ಸ್ವಲ್ಪ ಜಾಸ್ತಿ ಹಿಡಿಸುತ್ತೆ, ಎರಡೂ ಕಡೆ ಸೇರಿದರೆ ಒಂದು ಹಾಡು ಲಾಭ. ಆ ಲೆಕ್ಕ ಆಗ ನನಗೂ ಸರಿ ಅನ್ನಿಸಿತ್ತು.

ನಿನ್ನೆ ಹೆಂಡತಿಯ ಹಳೆ ಟೂ-ಇನ್-ಒನ್‌ನಲ್ಲಿ ನಾನು ತುಂಬಿಕೊಂಡಿದ್ದ 'ನಿತ್ಯೋತ್ಸವ' ಹಾಕಿದೆ. ಮಗಳ ಫೋನಿನಲ್ಲಿ ಅದೇ ಹಾಡು. ಒಟ್ಟಿಗೆ ಬಿಟ್ಟೆವು. ಜೋಗದ ಸಿರಿ ಎರಡು ಕಡೆಯಿಂದ ಎರಡು ಶ್ರುತಿಯಲ್ಲಿ ಬಿತ್ತು. ನನ್ನದು ಹತ್ತಿರ ಹತ್ತಿರ ಅರ್ಧ ಸ್ವರ ಮೇಲೆ. ಪಕ್ಕದ ಬೆಂಚಿನ ಅನಂತಸ್ವಾಮಿ ಅಂತ ಮೇಲೆ ಅಷ್ಟುದ್ದ ಬರೆದೆನಲ್ಲ, ನಾನು ಕೇಳುತ್ತಿದ್ದ ಅನಂತಸ್ವಾಮಿ ಬಸ್ಸಿಗೆ ಸ್ವಲ್ಪ ಅವಸರದಲ್ಲೇ ಇದ್ದರು. ಹೆಂಡತಿ ಮೂವತ್ತು ವರ್ಷದಿಂದ ಹೇಳುತ್ತಿದ್ದಳು, "ನೀವು ಶ್ರುತಿ ಏರಿಸಿ ಹಾಡ್ತೀರಿ" ಅಂತ. ಈಗ ಅಡಿಗೆಮನೆಯಿಂದಲೇ ನಗುತ್ತಿದ್ದಾಳೆ.

ಅಂಗಡಿ ಮುಚ್ಚುವಾಗ ಯಜಮಾನರು ಆ ಡೆಕ್ ನನಗೇ ಕೊಟ್ಟಿದ್ದರು. ಅಟ್ಟದಿಂದ ಇಳಿಸಿದೆ. ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿದೆ. ಗಾಂಧಿ ಬಜಾರಿನ ಕಡೆ ಒಬ್ಬ ಹುಡುಗ ಸಿಕ್ಕಿದ್ದಾನೆ, ಹೊಸ ಬೆಲ್ಟ್ ಹಾಕಿ, ಮೋಟಾರಿನ ಸ್ಕ್ರೂ ತಿರುಗಿಸಿ ವೇಗವನ್ನೂ ಸರಿ ಮಾಡಿಕೊಡುತ್ತೇನೆ ಅಂತಾನೆ. ಬೆಲ್ಟ್ ಹಾಕಪ್ಪ, ಸ್ಕ್ರೂ ಮಾತ್ರ ಮುಟ್ಟಬೇಡ ಅಂದೆ. ನನ್ನ ಮುಖವನ್ನೇ ನೋಡಿದ. ಮನೆಯಲ್ಲಿ ಅದೇ ಡೆಕ್ಕಿನಲ್ಲಿ ತುಂಬಿದ ಕ್ಯಾಸೆಟ್ ನೂರ ಹತ್ತು ಇವೆ, ಅವನಿಗೆ ಹೇಗೆ ಹೇಳುವುದು?

ಶನಿವಾರ ಕೊಡುತ್ತಾನಂತೆ.